ಸುಳ್ಳು ಇ-ಮೇಲುಗಳೂ ಅವುಗಳನ್ನು ಗುರುತಿಸುವ ಕ್ರಮವೂ

ನಾಟಿಯಾದ ಬತ್ತದ ಗದ್ದೆಯಲ್ಲಿ ಪೈರಿನ ಜೊತೆಗೇ ಒಂದು ಜಾತಿಯ ಕಳೆಹುಲ್ಲು ಬೆಳೆಯುವುದನ್ನು ಬೇಸಾಯಗಾರರೆಲ್ಲರೂ ಬಲ್ಲರು. ಎಳೆಯದಾಗಿರುವಾಗ ಬಣ್ಣ, ಎತ್ತರ, ಎಲೆಯ ಆಕಾರ ಇವುಗಳಲ್ಲಿ ಅದು ಬತ್ತವನ್ನೇ ಹೋಲುವುದರಿಂದ, ಹೊಸಬರು ಪೈರನ್ನು ಕಿತ್ತು ಕಳೆಯನ್ನು ಉಳಿಸಿಬಿಡುವುದುಂಟು. ಕಳೆ ತೆಗೆಯುವುದರಲ್ಲಿ ಪಳಗಿದ ಹೆಂಗಸರಾದರೋ ಗಿಡವನ್ನೆಲ್ಲಾ ನೋಡುತ್ತಾ ನಿಲ್ಲುವುದಿಲ್ಲ. ಎಲೆಯು ಕಾಂಡವನ್ನು ಸೇರುವ ಸಂದಿನಲ್ಲಿ ಬತ್ತಕ್ಕೆ ತೆಳುವಾದ ಪೊರೆಯೊಂದಿರುತ್ತದೆ. ಈ ಕಳೆಗೆ ಅದು ಇರುವುದಿಲ್ಲ. ಆ ಒಂದು ಸ್ಥಳವನ್ನು ನೋಡಿದರೆ ಸಾಕು. ಮೊಬೈಲಿಗೂ ಕಂಪ್ಯೂಟರಿಗೂ ಬರುವ ಸುಳ್ಳು ಕಾಗದಗಳ ವಿಷಯವೂ ಹೀಗೆಯೇ ಇರುವುದು. ಅವುಗಳ ಲಾಂಛನ, ಒಕ್ಕಣೆ, ರುಜು ಮೊದಲಾದುವೆಲ್ಲವೂ ಅಸಲಿನಂತೆಯೇ ಇರಬಹುದು. ನೋಡತಕ್ಕ ಸಂದು ಬೇರೊಂದಿದೆ. ಅದು ಯಾವುದೆಂಬುದನ್ನು ಊರಿನ ಮುಖಂಡರಿಗೂ ಜಮೀನುದಾರರಿಗೂ ತೋರಿಸಿಕೊಡುವುದೇ ಈ ಲೇಖನದ ಉದ್ದೇಶವು.

ಇಂತಹ ಮೋಸಕ್ಕೆ ಫಿಷಿಂಗ್ ಎಂದು ಹೆಸರು. ೧೯೯೦ರ ದಶಕದ ಮಧ್ಯಭಾಗದಲ್ಲಿ, ಅಮೆರಿಕಾ ಆನ್‌ಲೈನ್ ಎಂಬ ಕಂಪೆನಿಯ ಚಂದಾದಾರರಿಗೆ ಆ ಕಂಪೆನಿಯ ನೌಕರರಂತೆ ನಟಿಸಿ ಬರೆದು, ಅವರ ಗುಪ್ತಪದಗಳನ್ನು ಕದಿಯುತ್ತಿದ್ದವರ ನಡುವೆ ಈ ಮಾತು ಬಳಕೆಗೆ ಬಂದಿತು. ಮೀನು ಹಿಡಿಯುವುದಕ್ಕೆ ಇರುವ ಇಂಗ್ಲಿಷ್ ಮಾತನ್ನೇ ಕಾಗುಣಿತ ಬದಲಾಯಿಸಿ ಬರೆದದ್ದು. ಗಾಳ ಹಾಕುವವನು ಕೆರೆಯ ಮೀನುಗಳನ್ನು ಒಂದೊಂದಾಗಿ ಬಲ್ಲವನಲ್ಲ; ಸಾವಿರಾರು ಜನಕ್ಕೆ ಒಂದೇ ಕಾಗದವನ್ನು ಕಳುಹಿಸಿ, ಕಚ್ಚಿದವರನ್ನು ಎಳೆದುಕೊಳ್ಳುವನು. ಎರೆಯನ್ನು ಮಾತ್ರ ಆಯಾ ಕೆರೆಗೆ ತಕ್ಕಂತೆ ಕಟ್ಟುವನು. ಪಟ್ಟಣದವರಿಗೆ ಆದಾಯ ತೆರಿಗೆಯ ಮರುಪಾವತಿಯು ಎರೆಯಾದರೆ, ಹಳ್ಳಿಗಳಲ್ಲಿ ಬೆಳೆವಿಮೆ, ಸಹಾಯಧನದ ಪಂಪು, ಕಿಸಾನ್ ಕ್ರೆಡಿಟ್ ಕಾರ್ಡಿನ ನವೀಕರಣ, ಟ್ರ್ಯಾಕ್ಟರಿನ ಮೇಲೆ ಬಿದ್ದ ದಂಡ, ಕೊನೆಗೆ ಮದುವೆಯ ಲಗ್ನಪತ್ರಿಕೆ ಸಹ ಎರೆಯಾಗಿರುವುದು.

ಕಿಸಾನ್ ಸಮ್ಮಾನ್ ನಿಧಿಯ ದೃಷ್ಟಾಂತವನ್ನೇ ತೆಗೆದುಕೊಳ್ಳಬಹುದು. ೨೦೧೯ನೆಯ ಇಸವಿ ಫೆಬ್ರವರಿಯಲ್ಲಿ ಆರಂಭವಾದ ಈ ಯೋಜನೆಯಲ್ಲಿ ರೈತ ಕುಟುಂಬಕ್ಕೆ ವರ್ಷಕ್ಕೆ ೬೦೦೦ ರೂಪಾಯಿಗಳು, ತಲಾ ೨೦೦೦ದ ಮೂರು ಕಂತುಗಳಾಗಿ ನೇರವಾಗಿ ಬ್ಯಾಂಕಿನ ಖಾತೆಗೆ ಸೇರತಕ್ಕದ್ದೆಂದು ಏರ್ಪಾಡಾಯಿತು. ಫಲಾನುಭವಿಯ ಗುರುತನ್ನು ಆಧಾರ್ ಮೂಲಕ ಖಚಿತಪಡಿಸಿಕೊಳ್ಳುವ ಇ-ಕೆವೈಸಿ ಎಂಬ ಕ್ರಮವೂ ಕಡ್ಡಾಯವಾಯಿತು. ಕಳ್ಳರಿಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿಯು ಬೇಡ. “ತಮ್ಮ ಕಂತು ತಡೆಹಿಡಿಯಲ್ಪಟ್ಟಿದೆ, ಇಂದು ಸಂಜೆಯೊಳಗೆ ಕೆಳಗಿನ ಲಿಂಕಿನಲ್ಲಿ ಕೆವೈಸಿ ಮುಗಿಸತಕ್ಕದ್ದು” ಎಂಬ ಒಕ್ಕಣೆಯು ಬರುವುದು. ಲಿಂಕನ್ನು ಒತ್ತಿದರೆ ಸರ್ಕಾರದ ಪುಟದಂತೆಯೇ ಕಾಣುವ ಪುಟವು ತೆರೆದು, ಆಧಾರ್ ಸಂಖ್ಯೆ, ಖಾತೆಯ ಸಂಖ್ಯೆ, ಕೊನೆಗೆ ದೂರವಾಣಿಗೆ ಬಂದ ಓಟಿಪಿ ಇವುಗಳನ್ನು ಕೇಳುವುದು. ಇಲ್ಲವೆ ಎಪಿಕೆ ಎಂದು ಕೊನೆಗೊಳ್ಳುವ ಹೆಸರಿನ ಒಂದು ಫೈಲು ಇಳಿಯುವುದು. ಈ ಎರಡನೆಯದೇ ಹೆಚ್ಚು ಅಪಾಯಕರ. ಅದನ್ನು ಸ್ಥಾಪಿಸಿಕೊಂಡು, ಮೆಸೇಜುಗಳನ್ನು ಓದಲು ಅದಕ್ಕೆ ಅನುಮತಿಯನ್ನು ಕೊಟ್ಟಮೇಲೆ, ಬ್ಯಾಂಕಿನವರು ಕಳುಹಿಸುವ ಓಟಿಪಿಗಳೆಲ್ಲವೂ ಯಜಮಾನನಿಗೆ ತಿಳಿಯದಂತೆಯೇ ಕಳ್ಳನ ಕೈಗೆ ಹೋಗುತ್ತಿರುವುವು. ಯಾರಿಗೂ ಓಟಿಪಿಯನ್ನು ಹೇಳಲಿಲ್ಲವೆಂದು ಪ್ರಮಾಣ ಮಾಡುವವರ ಹಣವೂ ಹೋಗುವುದು ಹೀಗೆಯೇ.

ಸೌರಶಕ್ತಿಯ ಪಂಪುಗಳ ಪಿಎಂ ಕುಸುಮ್ ಯೋಜನೆಯೂ ೨೦೧೯ರಲ್ಲಿಯೇ ಬಂದಿತು. ಅದರ ಹೆಸರಿನಲ್ಲಿ ನೋಂದಣಿ ಶುಲ್ಕವನ್ನು ವಸೂಲು ಮಾಡುವ ಸುಳ್ಳು ಜಾಲತಾಣಗಳು ಎದ್ದುವಾಗಿ, ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದವರು ಒಂದಲ್ಲ ಹಲವು ಸಲ ಪ್ರಕಟಣೆ ಹೊರಡಿಸಿ ಜನರನ್ನು ಎಚ್ಚರಿಸಬೇಕಾಯಿತು. ಆ ತಾಣಗಳ ಹೆಸರಿನಲ್ಲಿ ‘ಕುಸುಮ್’, ‘ಯೋಜನೆ’, ‘ಪಿಎಂ’ ಎಂಬ ಮಾತುಗಳೆಲ್ಲವೂ ಇದ್ದುವು. ಅವುಗಳ ಕೊನೆಯು ಮಾತ್ರ ಸರ್ಕಾರದ್ದಾಗಿರಲಿಲ್ಲ.

ಇದರಲ್ಲಿ ಊರಿನ ಮುಖಂಡರಿಗೆ ವಿಶೇಷವಾದ ಸಂಬಂಧವೇನೆಂದು ಕೇಳಬಹುದು. ವಂಶಪಾರಂಪರ್ಯದ ಪಟೇಲಿಕೆ ಶ್ಯಾನುಭೋಗಿಕೆಗಳು ೧೯೬೧ರ ಕಾಯಿದೆಯಿಂದ ರದ್ದಾಗಿದ್ದರೂ ಹಿರಿಯರ ಮಾತಿಗೆ ಊರಿನಲ್ಲಿರುವ ತೂಕವು ಕಡಿಮೆಯಾಗಿಲ್ಲ. ಪಂಚಾಯಿತಿಯ ಅಧ್ಯಕ್ಷರೋ ಸಹಕಾರ ಸಂಘದ ನಿರ್ದೇಶಕರೋ ವಾಟ್ಸಾಪ್ ಗುಂಪಿನಲ್ಲಿ ಒಂದು ಲಿಂಕನ್ನು ಹಾಕಿದರೆ, ನೂರು ಮನೆಯವರು ಕಾಗದವನ್ನು ನೋಡದೆ ಹಾಕಿದವರ ಹೆಸರನ್ನು ನೋಡಿ ಒತ್ತುವರು. ಊರಿನವರಿಗೆ ಉಪಕಾರವಾಗಲಿ ಎಂಬ ಒಳ್ಳೆಯ ಬುದ್ಧಿಯಿಂದಲೇ ಅವರು ಹಾಕಿರುವರು. ಆದರೂ ಬಿತ್ತನೆಯ ಬೀಜಕ್ಕೆಂದು ಇಟ್ಟ ಹಣವು ಬಡವನ ಖಾತೆಯಿಂದ ಹೋದಮೇಲೆ ಆ ಬುದ್ಧಿಯಿಂದ ಪ್ರಯೋಜನವೇನು? ಮುಖಂಡರ ದೂರವಾಣಿಯೇ ಕಳ್ಳರ ವಶವಾದರಂತೂ ಅವರ ಹೆಸರಿನಿಂದಲೇ ಅವರ ಪರಿಚಯಸ್ಥರೆಲ್ಲರಿಗೂ ಅದೇ ಫೈಲು ಹೋಗುವುದು. ಹಿಂದಿನ ಕಾಲದಲ್ಲಿ ಅಮಲ್ದಾರರ ಹುಕುಮೊಂದು ಬಂದರೆ ಮೊಹರನ್ನು ನೋಡಿದ ಹೊರತು ಪಟೇಲರು ಊರಿನಲ್ಲಿ ಸಾರಿಸುತ್ತಿರಲಿಲ್ಲ. ಈಗ ಅಷ್ಟು ನಿಧಾನವಿಲ್ಲ. ಬಂದದ್ದನ್ನು ಬಂದ ಕ್ಷಣದಲ್ಲಿಯೇ ಮುಂದೂಡುವುದು ವಾಡಿಕೆಯಾಗಿದೆ.

ಇ-ಮೇಲಿನ ಸಂಗತಿಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯಕ. ಇ-ಮೇಲನ್ನು ಸಾಗಿಸುವ ಮೂಲ ನಿಯಮಾವಳಿಯು ೧೯೮೨ರಲ್ಲಿ ಏರ್ಪಟ್ಟದ್ದು. ಅದರಲ್ಲಿ ಕಳುಹಿಸಿದವನ ಹೆಸರನ್ನು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಅಂಚೆಯ ಲಕೋಟೆಯ ಹಿಂದೆ ಯಾರು ಬೇಕಾದರೂ ಯಾರ ವಿಳಾಸವನ್ನು ಬೇಕಾದರೂ ಬರೆಯಬಹುದಷ್ಟೆ, ಇದೂ ಹಾಗೆಯೇ. ತರುವಾಯ ಪರೀಕ್ಷೆಯ ಏರ್ಪಾಡುಗಳು ಸೇರಿಸಲ್ಪಟ್ಟು ಅನೇಕ ಸುಳ್ಳು ಕಾಗದಗಳು ದಾರಿಯಲ್ಲಿಯೇ ತಡೆಯಲ್ಪಡುತ್ತಿದ್ದರೂ, ತಪ್ಪಿಸಿಕೊಂಡು ಬರುವುವು ಕಡಿಮೆಯೇನೂ ಅಲ್ಲ. ಇ-ಮೇಲಿನ ತಲೆಯಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಕಳುಹಿಸಿದವನು ತಾನೇ ಇಟ್ಟುಕೊಂಡ ಹೆಸರು. ‘ಕೃಷಿ ಇಲಾಖೆ’ ಎಂದು ಯಾವನಾದರೂ ಇಟ್ಟುಕೊಳ್ಳಬಹುದು. ಆ ಹೆಸರನ್ನೋ ಅದರ ಬಳಿಯ ಸಣ್ಣ ಬಾಣದ ಗುರುತನ್ನೋ ಒತ್ತಿದರೆ ನಿಜವಾದ ವಿಳಾಸವು ತೋರುವುದು. ಅದರಲ್ಲಿ @ ಚಿಹ್ನೆಯ ಬಲಕ್ಕಿರುವ ಭಾಗವೇ ಮುಖ್ಯ. ಇಲಾಖೆಯ ಹೆಸರಿನಿಂದ ಬಂದ ಕಾಗದವು ಯಾರಿಗಾದರೂ ಬಿಟ್ಟಿಯಾಗಿ ದೊರೆಯುವ ಜಿಮೇಲ್ ವಿಳಾಸದಿಂದ ಬಂದಿದ್ದರೆ ಅದನ್ನು ಸಂಶಯದಿಂದಲೇ ನೋಡತಕ್ಕದ್ದು. ಉತ್ತರ ಬರೆಯಲು ಹೊರಟಾಗ ‘ಗೆ’ ಎಂಬಲ್ಲಿ ಬೇರೊಂದು ವಿಳಾಸವು ತಾನಾಗಿಯೇ ಬಂದು ನಿಂತರೆ ಅದೂ ಒಂದು ದುರ್ಲಕ್ಷಣವೇ.

ಸುಳ್ಳು ಕಾಗದದಲ್ಲಿ ಭಾಷೆಯ ತಪ್ಪುಗಳಿರುತ್ತವೆ ಎಂದು ಹಿಂದೆ ಹೇಳುತ್ತಿದ್ದರು. ಈ ಲಕ್ಷಣವನ್ನು ಈಗ ನಂಬತಕ್ಕದ್ದಲ್ಲ. ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಕನ್ನಡವೇ ಬಾರದ ಕಳ್ಳನೂ ಶುದ್ಧವಾದ ಕನ್ನಡದಲ್ಲಿ ಬರೆಸಬಲ್ಲನು. ಹೆಚ್ಚು ನಂಬಬಹುದಾದ ಲಕ್ಷಣವೆಂದರೆ ಆತುರ. ಸಂಜೆಯೊಳಗೆ ವಿದ್ಯುತ್ತು ನಿಲ್ಲುವುದು, ಖಾತೆಯು ಮುಚ್ಚುವುದು, ಪಹಣಿಯಿಂದ ಹೆಸರು ತೆಗೆಯಲ್ಪಡುವುದು ಎಂದು ಹೆದರಿಸಿಯಾಗಲಿ, ಬಾರದ ಹಣವನ್ನು ತೋರಿಸಿಯಾಗಲಿ, ಓದುವವನು ಇನ್ನೊಬ್ಬನನ್ನು ಕೇಳುವಷ್ಟು ಅವಕಾಶವನ್ನು ಕೊಡದಿರುವುದೇ ಇಂತಹ ಕಾಗದಗಳ ಕಸುಬು.

ಕಾಫಿ, ಅಡಿಕೆ, ಮೆಣಸು ಮೊದಲಾದುವನ್ನು ದೂರದ ವ್ಯಾಪಾರಿಗಳೊಡನೆ ಇ-ಮೇಲಿನ ಮೂಲಕ ವ್ಯವಹರಿಸುವ ತೋಟದವರೂ ಸಂಘದವರೂ ಗಮನಿಸತಕ್ಕ ಮತ್ತೊಂದು ಬಗೆಯಿದೆ. ಇದರಲ್ಲಿ ಲಿಂಕೂ ಇಲ್ಲ, ಫೈಲೂ ಇಲ್ಲ. ನಡೆಯುತ್ತಿರುವ ಪತ್ರವ್ಯವಹಾರದ ನಡುವೆ, ಪರಿಚಿತರ ಹೆಸರಿನಿಂದಲೇ “ನಮ್ಮ ಬ್ಯಾಂಕಿನ ಖಾತೆ ಬದಲಾಗಿದೆ, ಮುಂದಿನ ಹಣವನ್ನು ಈ ಹೊಸ ಖಾತೆಗೆ ಕಳುಹಿಸಬೇಕು” ಎಂಬ ಒಂದು ಸಾಲು ಬರುವುದು. ಖಾತೆಯ ಬದಲಾವಣೆಯ ಮಾತು ಬಂದಾಗಲೆಲ್ಲಾ, ಮೊದಲಿನಿಂದಲೂ ತಿಳಿದಿರುವ ದೂರವಾಣಿ ಸಂಖ್ಯೆಗೆ ಮಾತನಾಡಿ ಧ್ವನಿಯನ್ನು ಕೇಳಿ ಖಚಿತಪಡಿಸಿಕೊಂಡ ಹೊರತು ಒಂದು ಕಾಸನ್ನೂ ಕಳುಹಿಸತಕ್ಕದ್ದಲ್ಲ.

ಇನ್ನು ಮೊದಲು ಹೇಳಿದ ಸಂದಿನ ವಿಷಯ. ಪ್ರತಿ ಲಿಂಕಿಗೂ ಒಂದು ವಿಳಾಸವಿರುವುದು. ಇದನ್ನು ಎಡಗಡೆಯಿಂದ ಓದುವುದರಿಂದಲೇ ಜನರು ಮೋಸಹೋಗುವರು. ಲಕೋಟೆಯ ಮೇಲೆ ಮನೆ, ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ಹಾಗೆ, ಜಾಲತಾಣದ ವಿಳಾಸದಲ್ಲಿಯೂ ಅಧಿಕಾರವಿರುವುದು ಕೊನೆಯ ಭಾಗದಲ್ಲಿ. ತನ್ನ ಮನೆಗೆ ‘ವಿಧಾನಸೌಧ’ ಎಂದು ಹೆಸರಿಟ್ಟುಕೊಳ್ಳಲು ಯಾರಿಗೂ ಅಡ್ಡಿಯಿಲ್ಲ. ಹಾಗೆಂದು ಆ ಮನೆಯು ತನ್ನ ಬೀದಿಯನ್ನು ಬಿಟ್ಟು ಬೆಂಗಳೂರಿಗೆ ಹೋಗದು.

ಓದುವ ಕ್ರಮವು ಹೀಗೆ. ‘ಎಚ್‌ಟಿಟಿಪಿಎಸ್’ ಎಂಬ ಅಕ್ಷರಗಳನ್ನೂ ಅವುಗಳ ಮುಂದಿನ ಎರಡು ಓರೆಗೀಟುಗಳನ್ನೂ ಬಿಟ್ಟು, ಅನಂತರ ಬರುವ ಮೊದಲನೆಯ ಓರೆಗೀಟನ್ನು (/) ಹುಡುಕಬೇಕು. ಅಲ್ಲಿಂದ ಹಿಂದಕ್ಕೆ, ಎಂದರೆ ಎಡಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಓದಬೇಕು. ಕಿಸಾನ್ ಸಮ್ಮಾನ್ ಯೋಜನೆಯ ನಿಜವಾದ ವಿಳಾಸವು, ಕನ್ನಡದಲ್ಲಿ ಬರೆಯುವುದಾದರೆ, ‘ಪಿಎಂಕಿಸಾನ್.ಗವ್.ಇನ್’. ಕೊನೆಯ ‘ಇನ್’ ಎಂಬುದು ಭಾರತ. ಅದರ ಹಿಂದಿನ ‘ಗವ್’, ಎಂದರೆ ಜಿ, ಓ, ವಿ ಎಂಬ ಮೂರು ಅಕ್ಷರಗಳು, ಸರ್ಕಾರ. ಈ ಕೊನೆಯು ಸರ್ಕಾರದ ಸಂಸ್ಥೆಗಳಿಗಲ್ಲದೆ ಖಾಸಗಿಯವರಿಗೆ ದೊರೆಯುವುದಿಲ್ಲ. ಈಗ ‘ಪಿಎಂಕಿಸಾನ್.ಗವ್.ಇನ್.ಕಂತುನೋಂದಣಿ.ಕಾಮ್’ ಎಂಬುದೊಂದನ್ನು ಕಲ್ಪಿಸಿಕೊಳ್ಳಬಹುದು. ಎಡದಿಂದ ಓದಿದವರಿಗೆ ಸರ್ಕಾರದ್ದೇ ಎಂದು ತೋರುವುದು. ಬಲದಿಂದ ಓದಿದರೆ ಅದು ‘ಕಂತುನೋಂದಣಿ.ಕಾಮ್’ ಎಂಬ, ಯಾರು ಬೇಕಾದರೂ ಹಣ ಕೊಟ್ಟು ಪಡೆಯಬಹುದಾದ ಹೆಸರು; ಉಳಿದದ್ದೆಲ್ಲವೂ ಅವನು ಮನೆಯ ಬಾಗಿಲಿಗೆ ಬರೆಸಿಕೊಂಡ ಬೋರ್ಡು. ಚುಕ್ಕೆಯ ಬದಲು ಅಡ್ಡಗೆರೆಯನ್ನಿಟ್ಟು ‘ಪಿಎಂಕಿಸಾನ್-ಗವ್-ಇನ್.ಕಾಮ್’ ಎಂದು ಬರೆಯುವುದೂ ಉಂಟು. ಅಡ್ಡಗೆರೆಯು ಚುಕ್ಕೆಯಲ್ಲವಾದುದರಿಂದ ಅದೂ ಸುಳ್ಳೇ. ಮೊದಲನೆಯ ಓರೆಗೀಟಿನೊಳಗೆ @ ಚಿಹ್ನೆಯಿದ್ದರೆ ಅದರ ಎಡಕ್ಕಿರುವುದಕ್ಕೆ ಯಾವ ಬೆಲೆಯೂ ಇಲ್ಲ. ಯಂತ್ರವು ಬಲಕ್ಕಿರುವ ತಾಣಕ್ಕೆ ಹೋಗುವುದು.

ನಮ್ಮ ರಾಜ್ಯದ ರೈತರು ಹೆಚ್ಚಾಗಿ ಬಳಸುವ ತಾಣಗಳಾದ, ಪಹಣಿಗೆ ಸಂಬಂಧಿಸಿದ ಭೂಮಿ, ರೈತರ ಗುರುತಿನ ಸಂಖ್ಯೆಯ ಫ್ರೂಟ್ಸ್, ಬೆಳೆವಿಮೆಯ ಸಂರಕ್ಷಣೆ, ಕೃಷಿ ಇಲಾಖೆಯ ರೈತಮಿತ್ರ, ಇವೆಲ್ಲವುಗಳ ಕೊನೆಯೂ ‘ಕರ್ನಾಟಕ.ಗವ್.ಇನ್’ ಎಂದೇ ಇರುವುದು. ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಬಹುಪಾಲು ಕೆಲಸವು ಆದಂತೆಯೇ. ಬ್ಯಾಂಕುಗಳ ವಿಷಯದಲ್ಲಿ ಹಿಂದೆ ಇಂತಹ ಒಂದೇ ಗುರುತು ಇರಲಿಲ್ಲ. ರಿಸರ್ವ್ ಬ್ಯಾಂಕಿನವರು ೨೦೨೫ರಲ್ಲಿ ಆಜ್ಞೆಮಾಡಿ, ಬ್ಯಾಂಕುಗಳು ಆ ವರ್ಷದ ಅಕ್ಟೋಬರ್ ೩೧ರೊಳಗೆ ‘ಬ್ಯಾಂಕ್.ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬರತಕ್ಕದ್ದೆಂದು ವಿಧಿಸಿದರು. ಈ ಕೊನೆಯೂ ಬ್ಯಾಂಕುಗಳಿಗೆ ಮಾತ್ರ ಮೀಸಲು. ಮೊಬೈಲಿಗೆ ಬರುವ ಮೆಸೇಜುಗಳಲ್ಲಿಯೂ ೨೦೨೫ರಿಂದ ಕಳುಹಿಸಿದವರ ಹೆಸರಿನ ಕೊನೆಗೆ ಒಂದು ಅಕ್ಷರವನ್ನು ಸೇರಿಸುವ ಏರ್ಪಾಡಾಗಿದೆ. ಸರ್ಕಾರದ ಸಂದೇಶಕ್ಕೆ ‘ಜಿ’ ಎಂಬ ಅಕ್ಷರ, ಜಾಹೀರಾತಿಗೆ ‘ಪಿ’. ವಾಟ್ಸಾಪಿಗೆ ಮಾತ್ರ ಈ ಏರ್ಪಾಡು ಅನ್ವಯಿಸುವುದಿಲ್ಲ.

ಅಕ್ಷರಗಳ ಹೋಲಿಕೆಯಿಂದಲೂ ಮೋಸವುಂಟು. ಕನ್ನಡದ ಅನುಸ್ವಾರಕ್ಕೂ ಸೊನ್ನೆಯ ಅಂಕಿಗೂ ಕಣ್ಣಿಗೆ ಭೇದವಿಲ್ಲದಿರುವ ಹಾಗೆ, ಇಂಗ್ಲಿಷಿನಲ್ಲಿ ‘ಓ’ ಅಕ್ಷರಕ್ಕೂ ಸೊನ್ನೆಗೂ, ಸಣ್ಣ ‘ಎಲ್’ಗೂ ಒಂದರ ಅಂಕಿಗೂ ಭೇದವು ಅತ್ಯಲ್ಪ. ‘ಆರ್’ ಮತ್ತು ‘ಎನ್’ ಅಕ್ಷರಗಳನ್ನು ಒತ್ತಾಗಿ ಬರೆದರೆ ‘ಎಮ್’ ಎಂದೇ ಕಾಣುವುದು. ರಷ್ಯದ ಲಿಪಿಯಲ್ಲಿ ಇಂಗ್ಲಿಷಿನ ‘ಎ’ಯಂತೆಯೇ ಇರುವ ಅಕ್ಷರವೊಂದಿದೆ, ಇಂತಹ ಅಕ್ಷರಗಳಿಂದ ಆಪಲ್ ಕಂಪೆನಿಯ ವಿಳಾಸದಂತೆಯೇ ಕಾಣುವ ಬೇರೊಂದು ವಿಳಾಸವನ್ನು ೨೦೧೭ರಲ್ಲಿ ಒಬ್ಬ ಸಂಶೋಧಕರು ಮಾಡಿ ತೋರಿಸಿದ್ದರು. ಆದಕಾರಣ ಕಣ್ಣಿನ ಪರೀಕ್ಷೆಯೊಂದೇ ಸಾಲದು. ವಿಳಾಸದ ಪಕ್ಕದಲ್ಲಿ ಬೀಗದ ಗುರುತಿದ್ದರೆ ಭಯವಿಲ್ಲವೆಂಬ ನಂಬಿಕೆಯೂ ಹಲವರಲ್ಲಿದೆ. ಅಂಚೆಯ ಚೀಲಕ್ಕೆ ದಾರಿಯಲ್ಲಿ ಅರಗಿನ ಮುದ್ರೆಯಿದೆ ಎಂಬುದನ್ನು ಮಾತ್ರ ಆ ಬೀಗವು ಹೇಳುವುದು. ಚೀಲವನ್ನು ಪಡೆಯುವವನು ಸತ್ಯವಂತನೋ ಕಳ್ಳನೋ ಎಂಬುದನ್ನು ಹೇಳದು. ಕಳ್ಳರ ತಾಣಗಳಿಗೂ ಬೀಗವಿರುವುದು.

ಹಾಗಾದರೆ ಸಂಶಯದ ಲಿಂಕನ್ನು ಅಪಾಯವಿಲ್ಲದೆ ಪರೀಕ್ಷಿಸುವುದು ಹೇಗೆ? ತೆರೆದು ನೋಡುವುದು ಪರೀಕ್ಷೆಯಲ್ಲ. ಮೊಬೈಲಿನಲ್ಲಾದರೆ ಲಿಂಕಿನ ಮೇಲೆ ಬೆರಳನ್ನು ತಟ್ಟದೆ, ಕೆಲವು ಕ್ಷಣ ಒತ್ತಿಹಿಡಿದರೆ, ಸಾಮಾನ್ಯವಾಗಿ ಪೂರ್ಣ ವಿಳಾಸವು ತೋರುವುದು. ಕಂಪ್ಯೂಟರಿನಲ್ಲಾದರೆ ಬಾಣದ ಗುರುತನ್ನು ಒತ್ತದೆ ಮೇಲೆ ನಿಲ್ಲಿಸಿದರೆ ಕೆಳಮೂಲೆಯಲ್ಲಿ ಕಾಣುವುದು. ಕಾಗದದಲ್ಲಿ ಬರೆದಿರುವ ಹೆಸರಿಗೂ ಹೀಗೆ ತೋರುವ ವಿಳಾಸಕ್ಕೂ ವ್ಯತ್ಯಾಸವಿದ್ದರೆ ಮುಂದಿನ ವಿಚಾರಣೆಯೇ ಅನಾವಶ್ಯಕ. ಮೊಟಕುಗೊಳಿಸಿದ ಲಿಂಕುಗಳಲ್ಲಿಯೂ, ಚೌಕದ ಕ್ಯೂಆರ್ ಚಿತ್ರಗಳಲ್ಲಿಯೂ ನಿಜವಾದ ವಿಳಾಸವು ಮುಸುಕು ಹಾಕಿಕೊಂಡಿರುವುದರಿಂದ ಅವುಗಳನ್ನು ಅಪರಿಚಿತರೆಂದೇ ಎಣಿಸತಕ್ಕದ್ದು.

ವೈರಸ್‌ಟೋಟಲ್ ಎಂಬ ಪರೀಕ್ಷಾ ತಾಣವೊಂದಿದೆ. ೨೦೦೪ರಲ್ಲಿ ಸ್ಪೇನ್ ದೇಶದಲ್ಲಿ ಆರಂಭವಾಗಿ, ೨೦೧೨ರಲ್ಲಿ ಗೂಗಲ್ ಕಂಪೆನಿಗೆ ಸೇರಿತು. ಲಿಂಕನ್ನು ನಕಲು ಮಾಡಿ ಅಲ್ಲಿ ಅಂಟಿಸಿದರೆ, ಹಲವಾರು ಸಂಸ್ಥೆಗಳು ಅದರ ವಿಷಯದಲ್ಲಿ ಏನು ಹೇಳುತ್ತವೆಂಬುದು ಒಟ್ಟಿಗೆ ತೋರುವುದು. ಊರಿನ ವಿದ್ಯಾವಂತ ಯುವಕರು ಇದನ್ನು ಸುಲಭವಾಗಿ ಮಾಡಿಕೊಡಬಲ್ಲರು. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಆ ತಾಣವು ‘ಕೆಟ್ಟದ್ದು’ ಎಂದರೆ ನಂಬಬಹುದು. ‘ದೋಷವು ಕಾಣಲಿಲ್ಲ’ ಎಂದರೆ ಒಳ್ಳೆಯದೆಂದು ಅರ್ಥವಲ್ಲ, ಏಕೆಂದರೆ ಬೆಳಿಗ್ಗೆ ಹುಟ್ಟಿದ ಸುಳ್ಳು ತಾಣದ ಹೆಸರು ಮಧ್ಯಾಹ್ನದೊಳಗೆ ಯಾರ ಪಟ್ಟಿಗೂ ಸೇರಿರುವುದಿಲ್ಲ. ಮತ್ತು ಪಹಣಿ, ಆಧಾರ್, ಪಾಸ್‌ಪುಸ್ತಕ ಇವುಗಳ ಪ್ರತಿಗಳಿರುವ ಫೈಲುಗಳನ್ನು ಅಲ್ಲಿಗೆ ಹಾಕಕೂಡದು. ಅಲ್ಲಿಗೆ ಹೋದ ಫೈಲುಗಳನ್ನು ಬೇರೆ ಸದಸ್ಯರೂ ನೋಡಲು ಸಾಧ್ಯವಿದೆ.

ಇಷ್ಟೆಲ್ಲಾ ಪರೀಕ್ಷೆಗೆ ಅವಕಾಶವಿಲ್ಲದವರಿಗೆ ಇದಕ್ಕಿಂತ ಸುಲಭವೂ ಭದ್ರವೂ ಆದ ದಾರಿಯೊಂದಿದೆ. ಕಾಗದವು ತೋರಿಸಿದ ಬಾಗಿಲನ್ನು ಬಿಟ್ಟು, ತಾವೇ ಬಲ್ಲ ಬಾಗಿಲಿನಿಂದ ಹೋಗುವುದು. ಕಂತು ನಿಂತಿದೆಯೆಂದು ಬರೆದಿದ್ದರೆ, ಯೋಜನೆಯ ವಿಳಾಸವನ್ನು ತಾವೇ ಅಕ್ಷರ ಅಕ್ಷರವಾಗಿ ಒತ್ತಿ ನೋಡಬಹುದು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಕಿಸಾನ್ ಕಾಲ್ ಸೆಂಟರಿನ ೧೮೦೦-೧೮೦-೧೫೫೧ ಎಂಬ ಶುಲ್ಕವಿಲ್ಲದ ಸಂಖ್ಯೆಗೆ ಮಾತನಾಡಬಹುದು. ಬ್ಯಾಂಕಿನ ವಿಷಯವಾದರೆ ಪಾಸ್‌ಪುಸ್ತಕದಲ್ಲಿ ಅಚ್ಚಾಗಿರುವ ಸಂಖ್ಯೆಯಿದೆ. ಕಾಗದದಲ್ಲಿ ಕೊಟ್ಟಿರುವ ಸಂಖ್ಯೆಗೆ ಮಾತನಾಡಿ ಕಾಗದವು ನಿಜವೇ ಎಂದು ಕೇಳುವುದು ಕಳ್ಳನನ್ನೇ ಸಾಕ್ಷಿಗೆ ಕರೆದಂತೆ. ಎಪಿಕೆ ಫೈಲಿನ ವಿಷಯದಲ್ಲಂತೂ ಪರೀಕ್ಷೆಯ ಮಾತೇ ಬೇಡ. ಸರ್ಕಾರವಾಗಲಿ ಬ್ಯಾಂಕಾಗಲಿ ವಾಟ್ಸಾಪಿನ ಮೂಲಕ ಆಪುಗಳನ್ನು ಹಂಚುವುದಿಲ್ಲವೆಂದು ತಿಳಿದು ಅದನ್ನು ಸ್ಥಾಪಿಸದಿರುವುದೇ ಸರಿ.

ಇಷ್ಟಾದರೂ ತಪ್ಪಿ ಒತ್ತಿದವರು ಏನು ಮಾಡತಕ್ಕದ್ದು? ಪುಟವು ತೆರೆದದ್ದು ಮಾತ್ರವಾಗಿ, ಏನನ್ನೂ ಬರೆಯದೆ, ಏನನ್ನೂ ಇಳಿಸಿಕೊಳ್ಳದೆ ಮುಚ್ಚಿದ್ದರೆ ಸಾಮಾನ್ಯವಾಗಿ ಗಾಬರಿಗೆ ಕಾರಣವಿಲ್ಲ. ಗುಪ್ತಪದವನ್ನು ಬರೆದಿದ್ದರೆ ನಿಜವಾದ ತಾಣಕ್ಕೆ ಹೋಗಿ ಕೂಡಲೆ ಅದನ್ನು ಬದಲಾಯಿಸಬೇಕು. ಫೈಲನ್ನು ಸ್ಥಾಪಿಸಿದ್ದರೆ ಆ ಮೊಬೈಲಿನ ಇಂಟರ್‌ನೆಟ್ ಸಂಪರ್ಕವನ್ನು ತಪ್ಪಿಸಿ, ಸಿಮ್ಮನ್ನು ತೆಗೆದು, ಬೇರೆಯವರ ದೂರವಾಣಿಯಿಂದ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ತಡೆಹಿಡಿಸಬೇಕು. ಹಣವು ಹೋಗಿದ್ದರೆ ೧೯೩೦ ಎಂಬ ಸಂಖ್ಯೆಗೆ ಆ ಕ್ಷಣವೇ ಮಾತನಾಡಬೇಕು. ಈ ಸಹಾಯವಾಣಿಯು ೨೦೨೧ರಲ್ಲಿ ೧೫೫೨೬೦ ಎಂಬ ಸಂಖ್ಯೆಯಿಂದ ಆರಂಭವಾಗಿ ತರುವಾಯ ೧೯೩೦ಕ್ಕೆ ಬದಲಾಯಿತು. ಕದ್ದ ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಹರಿದು ಹೋಗುತ್ತಿರುವಾಗಲೇ ಅದನ್ನು ಮಧ್ಯದಲ್ಲಿ ಕಟ್ಟೆ ಹಾಕಿ ನಿಲ್ಲಿಸುವುದು ಇದರ ಉದ್ದೇಶವಾದುದರಿಂದ, ಮೊದಲ ಒಂದೆರಡು ಗಂಟೆಗಳಿಗೆ ಇರುವ ಬೆಲೆಯು ಮಾರನೆಯ ದಿನಕ್ಕೆ ಇರದು.

ಹಲವರು ನಾಚಿಕೆಯಿಂದ ಮುಚ್ಚಿಟ್ಟು ಕಾಲ ಕಳೆಯುವರು. ಮುಖಂಡರಲ್ಲಿ ಈ ಸಂಕೋಚವು ಇನ್ನೂ ಹೆಚ್ಚು. ಇದರಿಂದಾಗುವ ನಷ್ಟವು ಲೆಕ್ಕದಲ್ಲಿ ತೋರಿಸಬಹುದಾದದ್ದು. ರಿಸರ್ವ್ ಬ್ಯಾಂಕಿನವರು ೨೦೧೭ನೆಯ ಇಸವಿ ಜುಲೈ ತಿಂಗಳಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಬ್ಯಾಂಕಿನದಾಗಲಿ ಖಾತೆದಾರನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ಆದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಖಾತೆದಾರನ ಮೇಲೆ ಯಾವ ಹೊಣೆಯೂ ಬೀಳದು. ನಾಲ್ಕರಿಂದ ಏಳು ದಿನಗಳಾದರೆ ಮಿತವಾದ ಹೊಣೆ. ತಾನೇ ಓಟಿಪಿ ಮುಂತಾದುವನ್ನು ಕೊಟ್ಟು ನಷ್ಟಪಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲವೂ ಅವನದೇ. ತಿಳಿಸಿದಮೇಲೆ ಆಗುವ ನಷ್ಟವು ಬ್ಯಾಂಕಿನದು. ಆದುದರಿಂದ ತಪ್ಪು ಮಾಡಿದವನಿಗೇ ಬೇಗ ತಿಳಿಸುವುದರಿಂದ ಹೆಚ್ಚು ಲಾಭ. ತಿಳಿಸಿದ ಹೊತ್ತನ್ನೂ ದೂರಿನ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳತಕ್ಕದ್ದು. ಅನಂತರ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗುವಾಗ ಬ್ಯಾಂಕಿನ ಲೆಕ್ಕಪಟ್ಟಿ, ಹಣ ಹೋದ ಮೆಸೇಜುಗಳು, ಮೋಸದ ಕಾಗದ ಇವುಗಳನ್ನು ಒಯ್ಯಬೇಕು. ಇ-ಮೇಲನ್ನಾಗಲಿ ಮೆಸೇಜನ್ನಾಗಲಿ ಕೋಪದಿಂದ ಅಳಿಸಿಹಾಕಿದರೆ ಸಾಕ್ಷ್ಯವೇ ಹೋದಂತಾಗುವುದು.

ಸುಳ್ಳು ಲಿಂಕನ್ನು ಊರಿನ ಗುಂಪಿಗೆ ಹಾಕಿದವರು ಮೊದಲು ಅದರ ಚಿತ್ರವನ್ನು ತೆಗೆದಿಟ್ಟುಕೊಂಡು, ಬಳಿಕ ಗುಂಪಿನಿಂದ ಅಳಿಸಬೇಕು. ಅಳಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಅಷ್ಟರೊಳಗೆ ಅದು ಹತ್ತಾರು ದೂರವಾಣಿಗಳಿಗೆ ಇಳಿದಿರುವುದು. ಅದೇ ಗುಂಪಿನಲ್ಲಿ, ಅದೇ ಹೆಸರಿನಿಂದ, ಹಾಕಿದ್ದು ಸುಳ್ಳೆಂದೂ ಒತ್ತಿದವರು ಕೂಡಲೆ ಬಂದು ಕಾಣಬೇಕೆಂದೂ ಬರೆಯಬೇಕು. ಓದಲು ಬಾರದವರಿಗಾಗಿ ಅದೇ ಮಾತನ್ನು ಧ್ವನಿಸಂದೇಶವಾಗಿಯೂ ಹಾಕಿಸಬೇಕು. ವಯಸ್ಸಾದವರೊಬ್ಬರೇ ಇರುವ ಮನೆಗಳಿಗೆ ಅಂದೇ ಯಾರನ್ನಾದರೂ ಕಳುಹಿಸಿ, ಅವರ ಮೊಬೈಲಿನಲ್ಲಿ ಆ ಫೈಲು ಇಳಿದಿದೆಯೇ ಎಂದು ನೋಡಿಸುವುದೊಳ್ಳೆಯದು.